ಗೋಡೆ ಒಡೆದ ರೂಮು

ನಿವೃತ್ತ ಭೂಗೋಳ ಮೇಷ್ಟ್ರು ಆ ವರ್ಷವೂ ಅದೇ ವಾರ, ಅದೇ ಹೋಟೆಲಿಗೆ ಬಂದಿಳಿದರು. ಮುಂಬಾಗಿಲಿಗೆ ಹಸಿರು ಪರದೆ ಬಿಗಿದಿದ್ದರು. ಒಳಗೆ ನೆಲಗಲ್ಲು ಕಿತ್ತು ಗೋಡೆಗೆ ಒರಗಿಸಿದ್ದರು. ಗೋಡೆ ಕೊರೆಯುವ ಯಂತ್ರದ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು.

"ಈ ಸಲ ಬರಬೇಡಿ ಅಂತ ಫೋನ್ ಮಾಡೋಣ ಅಂದ್ಕೊಂಡಿದ್ದೆ ಮೇಷ್ಟ್ರೇ," ಎಂದರು ಕೌಂಟರಿನಲ್ಲಿದ್ದ ವಯಸ್ಸಾದ ಹೆಂಗಸು. ಮೂವತ್ತು ವರ್ಷದಿಂದ ರೂಮುಗಳ ಬೀಗದ ಕೈಗಳೆಲ್ಲ ಅವರ ಕೈಯಲ್ಲೇ ಇದ್ದುದರಿಂದ ಎಲ್ಲರ ಬಾಯಲ್ಲೂ ಅವರು ಕೀಲಿಯಕ್ಕ. "ಕೆಳಗಡೆ ಒಂದೇ ರೂಮು ಉಳಿದಿರೋದು. ಕಿಟಕಿ ತೆಗೆದ್ರೆ ಧೂಳು, ಹಾಕಿದ್ರೆ ಬಣ್ಣದ ವಾಸನೆ. ಯಾವುದು ಬೇಕೋ ಆರಿಸ್ಕೊಳ್ಳಿ."

"ಇನ್ನೂರ ಹದಿನಾಲ್ಕು?"

"ಅದರ ಗೋಡೆ ಒಡೆದ್ರು. ಪಕ್ಕದ್ದೂ ಸೇರಿಸಿ ಒಂದೇ ಮಾಡ್ತಿದಾರೆ."

ಆರು ವರ್ಷದ ಹಿಂದೆ ಮೇಷ್ಟ್ರು, ಅವರ ಹೆಂಡತಿ ಇಬ್ಬರೂ ಆ ರೂಮಿನಲ್ಲಿ ಎರಡು ದಿನ ಇದ್ದರು. ಎರಡನೆಯ ದಿನ ಬೆಳಿಗ್ಗೆ, "ನಿಮ್ಮ ಶರಟಿನ ಗುಂಡಿ ಬಿದ್ದಿದೆ, ಸೂಜಿ ದಾರ ತರ್ತೀನಿ," ಎಂದು ಮೆಟ್ಟಿಲಿಳಿದು ಹೋದ ಹೆಂಡತಿ ಮರಳಿ ಬರಲಿಲ್ಲ. ಪೊಲೀಸರು ಹುಡುಕಿದರು, ಆಸ್ಪತ್ರೆಗಳಲ್ಲಿ ವಿಚಾರಿಸಿದರು, ಕೊನೆಗೆ ಕೈಚೆಲ್ಲಿದರು. ಮಗಳು ಮಾತ್ರ ಎರಡು ವರ್ಷ ಅತ್ತು, ಆಮೇಲೆ, "ಅಮ್ಮ ಇಲ್ಲ ಅಂತ ಒಪ್ಕೊಳ್ಳಿ ಅಪ್ಪ, ನಮಗೂ ನೆಮ್ಮದಿ," ಎನ್ನತೊಡಗಿದಳು. ಮೇಷ್ಟ್ರು ಒಪ್ಪಲಿಲ್ಲ. ವರ್ಷಕ್ಕೊಮ್ಮೆ ಬಂದು, ಫೋಟೋ ಹಿಡಿದು ಬೀದಿ ಬೀದಿ ಅಲೆದು, ಅಂಗಡಿ ಅಂಗಡಿಯಲ್ಲಿ ಕೇಳಿ ಹೋಗುತ್ತಿದ್ದರು. ಮೊದಲ ವರ್ಷವೇ ಒಂದು ಕಾಗದ ಬರೆದು, ಹೆಂಡತಿ ಬಂದರೆ ಕೊಡಿ ಎಂದು ಕೀಲಿಯಕ್ಕನ ಕೈಗೆ ಕೊಟ್ಟಿದ್ದರು. "ಯಾವಾಗ ಬಂದರೂ ಮನೆಗೆ ಬಾ. ಏನೂ ಕೇಳುವುದಿಲ್ಲ," ಎಂದಷ್ಟೇ ಅದರಲ್ಲಿತ್ತು.

ಮೇಷ್ಟ್ರು ಮೇಲೆ ಹೋಗಿ ನೋಡಿದರು. ಮಂಚವಿದ್ದ ಕಡೆ ಸಿಮೆಂಟು ಚೀಲ. ಕಿಟಕಿಯ ಚೌಕಟ್ಟೂ ಇರಲಿಲ್ಲ. ಗಾರೆಯವನೊಬ್ಬ ಕೆಲಸ ನಿಲ್ಲಿಸಿ, "ಏನಾದ್ರೂ ಬಿಟ್ಟು ಹೋಗಿದ್ರಾ ಯಜಮಾನ್ರೇ?" ಎಂದು ಕೇಳಿದ. ಮೇಷ್ಟ್ರು ತಲೆಯಾಡಿಸಿ ಇಳಿದು ಬಂದರು.

ಕೌಂಟರಿನ ಹಿಂದೆ ಪತ್ರ ಇಡುವ ಗೂಡುಗಳಿದ್ದ ಮರದ ಹಲಗೆಯೇ ಇರಲಿಲ್ಲ. ಮೇಷ್ಟ್ರು ಕೌಂಟರಿನ ಮೇಲೆ ಬಗ್ಗಿ ನೋಡಿದರು. "ನನ್ನ ಕಾಗದ? ಕಸಕ್ಕೆ ಹಾಕಿಬಿಟ್ರಾ?"

ಕೀಲಿಯಕ್ಕ ಕೆಲಸ ಮಾಡುವವರ ಕಡೆ ನೋಡಿ, ಮೇಷ್ಟ್ರನ್ನು ಒಳಗಿನ ಕೋಣೆಗೆ ಕರೆದೊಯ್ದು ಕೂರಿಸಿದರು. ತಮ್ಮ ಕೈಚೀಲದಿಂದ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಅದರ ಬಾಯಿ ಹರಿದಿತ್ತು.

"ನಾಳೆಗೆ ನನ್ನ ಕೆಲಸ ಮುಗೀತು. ಹೊಸಬರು ಬರ್ತಾರೆ. ಹೇಳದೇ ಹೋದ್ರೆ ನನಗೆ ಅನ್ನ ಇಳಿಯಲ್ಲ," ಎಂದರು. "ಮೂರು ವರ್ಷದ ಹಿಂದೆ ಬಂದಿದ್ರು ಮೇಷ್ಟ್ರೇ."

"ಯಾರು?"

"ನಿಮ್ಮ ಮನೆಯವರು. ಇಲ್ಲೇ ನಿಂತ್ಕೊಂಡು ಓದಿದ್ರು. ಮಡಚಿ ವಾಪಸ್ ಕೊಟ್ರು. ಹೇಳಬೇಡಿ ಅಂತ ಮಾತು ತಗೊಂಡ್ರು."

ಮೇಷ್ಟ್ರು ಲಕೋಟೆ ಕೈಗೆತ್ತಿಕೊಂಡರು. "ಹೇಗಿದ್ಲು?"

"ಚೆನ್ನಾಗಿದ್ರು. ಯಾವುದೋ ಹೊಲಿಗೆ ಅಂಗಡೀಲಿ ಕೆಲಸ ಅಂದ್ರು."

"ನನ್ನ ಬಗ್ಗೆ ಏನಾದ್ರೂ ಕೇಳಿದ್ಲಾ?"

ಕೀಲಿಯಕ್ಕ ಸೆರಗಿನ ಅಂಚು ತಿರುವಿದರು. "ಇನ್ನೂ ಬರ್ತಾರಾ ಅಂತ ಕೇಳಿದ್ರು. ಪ್ರತಿ ವರ್ಷ ಬರ್ತಾರೆ ಅಂದೆ. 'ಪಾಪ' ಅಂದ್ರು."

ಅಷ್ಟೇ. ಬೈದಿದ್ದರೂ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು.

ರೂಮಿಗೆ ಬಂದು ಮಂಚದ ತುದಿಯಲ್ಲಿ ಕುಳಿತರು. ತಾವು ಮಾಡಿದ ತಪ್ಪೇನು ಎಂದು ಮನಸ್ಸು ಕೆದಕಿದರು. ಕೈ ಎತ್ತಿದವರಲ್ಲ, ಕುಡಿದವರಲ್ಲ. ಆದರೆ ಅವಳು ಬಂದವರೆದುರು ಏನೇ ಹೇಳಲು ಹೊರಟರೂ, "ಹಾಗಲ್ಲ ಕಣೇ, ಅದು ಬುಧವಾರ," ಎಂದು ತಿದ್ದುತ್ತಿದ್ದದ್ದು ನೆನಪಾಯಿತು. ಬರಬರುತ್ತ ಅವಳು ಯಾರೆದುರೂ ಏನೂ ಹೇಳದಂತಾಗಿದ್ದಳು. ಮನೆ ತಣ್ಣಗಿದೆ ಎಂದು ತಾವು ಸಂತೋಷಪಟ್ಟಿದ್ದರು. ಅದೇ ಕಾರಣವೋ, ಬೇರೆ ಏನೋ. ಕೇಳುವುದಿಲ್ಲ ಎಂದು ತಾವೇ ಬರೆದುಕೊಟ್ಟಿದ್ದಾಯಿತಲ್ಲ.

ಮಧ್ಯಾಹ್ನ ಮಗಳ ಫೋನು ಬಂತು. "ಅಮ್ಮ ಸಿಕ್ಕಿದ್ರಾ ಅಪ್ಪ?" ಎಂದು ಕೇಳುವುದನ್ನು ಅವಳು ಯಾವಾಗಲೋ ಬಿಟ್ಟಿದ್ದಳು. "ಊಟ ಆಯ್ತಾ?" ಎಂದಳು.

"ನೀನು ಹೇಳಿದ್ದೇ ಸರಿ ಕಣಮ್ಮ," ಎಂದರು ಮೇಷ್ಟ್ರು. "ಅಮ್ಮ ಇಲ್ಲ."

ಆ ಕಡೆಯಿಂದ ಬಿಕ್ಕುವ ಸದ್ದು ಬಂತು. "ಕೊನೆಗೂ ಹೇಳಿದ್ರಲ್ಲ ಅಪ್ಪ... ಬನ್ನಿ, ನಮ್ಮನೇಲೇ ಇದ್ದುಬಿಡಿ," ಎಂದಳು. ಆಮೇಲೆ ಅವಳು ಹೇಳಿದ್ದೆಲ್ಲ ಯಂತ್ರದ ಸದ್ದಿನಲ್ಲಿ ಮುಳುಗಿಹೋಯಿತು. ಮೇಷ್ಟ್ರು ಹೂಂಗುಟ್ಟುತ್ತ ಹೋದರು.

ಊರಿಗೆ ಬಸ್ಸು ಇದ್ದದ್ದು ಮರುದಿನ ಬೆಳಿಗ್ಗೆ. ಹಸಿವಾಗಿತ್ತು, ಹೋಟೆಲಿನ ಅಡುಗೆಮನೆ ಮುಚ್ಚಿತ್ತು. ಬೀದಿಗೆ ಹೋದರೆ ಏನಾದರೂ ಸಿಗುತ್ತಿತ್ತು. ಚಪ್ಪಲಿ ಮೆಟ್ಟಿ ಹಸಿರು ಪರದೆಯವರೆಗೆ ಹೋದವರು ಅಲ್ಲೇ ನಿಂತರು. ಎದುರು ಸಾಲಿನಲ್ಲಿ ಅಂಗಡಿಗಳಿದ್ದವು, ಜನ ಓಡಾಡುತ್ತಿದ್ದರು. ಹೆಂಡತಿ ಎದುರಿಗೆ ಬಂದುಬಿಟ್ಟರೆ ಎಂಬ ಭಯಕ್ಕೆ ಕಾಲು ಏಳಲಿಲ್ಲ. ಮೇಷ್ಟ್ರು ಪರದೆಯಿಂದ ಹಿಂದೆ ಸರಿದು, ಧೂಳಿನಲ್ಲೇ ನಡೆದು ರೂಮಿಗೆ ಹೋಗಿ ಅಗುಳಿ ಹಾಕಿಕೊಂಡರು.