ಸೋಮವಾರದ ಸಂಗದಲ್ಲಿ ಓದಿದ್ದು

ಔರಾದ ರಸ್ತೆಯಲ್ಲಿ ಜೀಪು ಉರುಳಿದಾಗ ಸ್ನೇಹಲಳ ಸೋದರಮಾವನ ಮಗ ತುಷಾರ ತೀರಿಕೊಂಡ. ಪಕ್ಕದಲ್ಲೇ ಕೂತಿದ್ದ ಅವಳು ಮೊಣಕೈ ತರಚಿಕೊಂಡು ಉಳಿದಳು. ಉಳಿದಳು ಎನ್ನುವುದು ಊರವರ ಮಾತು. ಭಾಲ್ಕಿಯ ಮನೆಯೊಳಗೆ ಕೂತು ಹೊರಗಿನ ಹಾರ್ನ್ ಕೇಳಿದರೆ ಸಾಕು, ಅವಳಿಗೆ ಮೈಯೆಲ್ಲ ಬೆವರಿ ಉಸಿರು ಗಂಟಲಲ್ಲೇ ಗಂಟು ಬೀಳುತ್ತಿತ್ತು.

ಬೀದರಿನ ಡಾಕ್ಟರಮ್ಮ ಒಂದು ದಾರಿ ತೋರಿಸಿದ್ದರು. ಬಾಯಿಗೆ ಬಾರದ್ದನ್ನು ಕೈಯಿಂದ ಬರೆಯಬೇಕು, ಚೆಂದ ಮಾಡಬಾರದು, ಯಾರಿಗೂ ತೋರಿಸಬೇಕಿಲ್ಲ. ಉಸಿರು ಬಿಗಿಯಾದರೆ ಪೆನ್ನು ಕೆಳಗಿಟ್ಟು, ಅದು ಸಡಿಲಾದ ಮೇಲೆ ಮತ್ತೆ ಬರೆಯಬೇಕು.

ಸ್ನೇಹಲಳಿಗೆ ಉದ್ದದ ವಾಕ್ಯ ಬರಲಿಲ್ಲ, ತುಂಡು ಸಾಲುಗಳೇ ಬಂದವು. ಆದರೂ ಬರೆದ ದಿನ ಊಟ ರುಚಿಸುತ್ತಿತ್ತು. ಇಷ್ಟು ದಿನ ಬರೆಯುವಾಗ ಸುತ್ತುಬಳಸಿ ದಾಟುತ್ತಿದ್ದ ಗಳಿಗೆಯನ್ನೂ ಒಂದು ಸೋಮವಾರ ಮಧ್ಯಾಹ್ನ ಮುಟ್ಟಿಬಿಟ್ಟಳು. ಹಾಳೆಯನ್ನು ದಿಂಬಿನ ಕೆಳಗಿಟ್ಟು ಕೂಸಿನಂತೆ ನಿದ್ದೆಹೋದಳು.

ಜಾರಿದ ದಿಂಬನ್ನು ಸರಿಪಡಿಸುವಾಗ ಆ ಹಾಳೆ ಅವ್ವ ಬಸವೇಶ್ವರಿಯ ಕೈಗೆ ಬಿತ್ತು. ಅವಳು ಸೋಮವಾರದ ಶರಣರ ಸಂಗವನ್ನು ಎಂದೂ ತಪ್ಪಿಸಿದವಳಲ್ಲ. ಅಲ್ಲಿ ವಚನ ಹಾಡಿ, ಯಾರಾದರೂ ತಾವೇ ಬರೆದು ತಂದಿದ್ದರೆ ಅದನ್ನೂ ಓದಿ, ಅರ್ಥ ಬಿಡಿಸುವ ರೂಢಿ. ತುಂಡು ಸಾಲುಗಳನ್ನು ಕಂಡವಳಿಗೆ ಮಗಳು ವಚನ ಬರೆದಿದ್ದಾಳೆಂದೇ ಅನಿಸಿತು. ಮಗಳನ್ನು ಎಬ್ಬಿಸಿ ಕೇಳಲಿಲ್ಲ. ಹಾಳೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಟಳು.

ಮರುದಿನ ಬೆಳಿಗ್ಗೆ ಸಂಗದ ಹಿರಿಯ ಮನ್ಮಥಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುತ್ತಲೇ ಸ್ನೇಹಲಳಿಗೆ ಕೈಮುಗಿದ.

"ಕೈ ನನ್ನ ಕಾಲು ಹಿಡಿಯಿತು, ಕೊಡವಿ ಮೇಲೇರಿದೆ ಅಂತ ಬರ್ದೀಯಲ್ಲವ್ವಾ. ಆ ಕೈ ಅಂದ್ರ ಸಂಸಾರ, ಕೊಡವೂದಂದ್ರ ವೈರಾಗ್ಯ. ಎಲ್ಲಾರಿಗೂ ಬಿಡಿಸಿ ಹೇಳ್ದೆ ನಾ. ನಮ್ಗ ನೋಡು, ಕೂದಲ ಬೆಳ್ಳಗಾದ್ರೂ ಇನ್ನಾ ಚಾದ ಕಪ್ಪ ಬಿಡ್ಲಿಕ್ಕಾಗವಲ್ದು."

ಮಂದಿಯೆಲ್ಲ ತಲೆದೂಗಿದರಂತೆ. ತುಷಾರನ ತಾಯಿ ರುಕ್ಮಿಣಿಬಾಯಿಯೂ ಅಲ್ಲಿದ್ದಳು. ಮನಸ್ಸು ಹಗುರಾಗಲೆಂದು ಅವ್ವನೇ ಅವಳನ್ನು ಔರಾದಿನಿಂದ ಕರೆಸಿದ್ದಳು. ಅವಳೊಬ್ಬಳು ಮಾತ್ರ ನಡುವೆಯೇ ಎದ್ದು ಬಸ್ಸು ಹತ್ತಿದಳಂತೆ.

ಕಥೆಗಳಲ್ಲಿ ಏಳು ಸಮುದ್ರದಾಚೆಯ ಗಿಳಿಯೊಳಗೆ ಪ್ರಾಣ ಬಚ್ಚಿಡುತ್ತಾರಲ್ಲ, ಆ ಗಿಳಿಯನ್ನು ಹೆತ್ತವಳೇ ಸಂತೆಗೆ ಒಯ್ದು ಹಾರಿಸಿದಂತಾಯಿತು ಸ್ನೇಹಲಳಿಗೆ. ಇನ್ನು ಈ ಜನ್ಮದಲ್ಲಿ ಪೆನ್ನು ಹಿಡಿಯುವುದಿಲ್ಲ ಅಂದುಕೊಂಡಳು. ಅವ್ವ ಮಾತ್ರ, ಹೆಮ್ಮೆಯಿಂದಲೇ ಓದಿದೆನಲ್ಲ, ಅದರಲ್ಲಿ ತಪ್ಪೇನು ಅಂದಳು. ಆ ಕೈ ಯಾರದೆಂದು ಸ್ನೇಹಲ ಹೇಳಿದಾಗ ಅವಳು ಹಾಳೆಯನ್ನು ತಂದು ಮಗಳ ಮುಂದಿಟ್ಟಳು.

ಅದೇ ದಿನ ಸ್ನೇಹಲ ಔರಾದಿಗೆ ಹೋದಳು. ಹಾದಿಯುದ್ದಕ್ಕೂ ಮುಂದಿನ ಸೀಟಿನ ಸರಳನ್ನು ಬಿಗಿಹಿಡಿದೇ ಕೂತಿದ್ದಳು. ರುಕ್ಮಿಣಿಬಾಯಿ ಅಂಗಳದಲ್ಲಿ ಬೇಳೆ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಅಂವ ಹಿಡಿದಿದ್ನೇನು, ನಿನ್ನ ಕಾಲ?"

"ಹೂಂ ಅತ್ತಿ. ಭಾಳ ಅಂಜಿದ್ದೆ."

"ಜಾಗಾದ ಮ್ಯಾಗೇ ಹೋದ ಅಂದ್ರು ಎಲ್ಲಾರೂ. ಆ ಒಂದ ಮಾತಿನ ಮ್ಯಾಗ ನಾ ಉಂಡೀನಿ, ಮಲ್ಕೊಂಡೀನಿ. ನೀ ಬಂದು ಹೇಳಿದ್ರ ಕೇಳ್ತಿದ್ದೆ. ಮಂದ್ಯಾಗ ಕೂತು ಕೇಳಬೇಕಾಯ್ತು."

ಸ್ನೇಹಲ ಅವಳ ಕೈ ಹಿಡಿಯಲು ಹೋದಳು. ರುಕ್ಮಿಣಿಬಾಯಿ ಮೊರವನ್ನು ತನ್ನತ್ತ ಎಳೆದುಕೊಂಡಳು.

"ಅಂಜಿಕಿ ಯಾರಿಗಿಲ್ಲ, ಅದು ನಂಗೂ ತಿಳೀತದ. ಆದ್ರ ಇವತ್ತ ನಿನ್ನ ಮುಖ ನೋಡ್ಲಿಕ್ಕಾಗವಲ್ದು. ಹೋಗು."

ಭಾಲ್ಕಿಗೆ ಬಂದಾಗ ಅವ್ವ ರೊಟ್ಟಿ ತಟ್ಟುತ್ತಿದ್ದಳು. ತಪ್ಪಾಯಿತು ಅಂದಳು, ಎರಡೆರಡು ಸಲ. ಸ್ನೇಹಲಳ ಎದೆಯಲ್ಲಿ ಕುದಿಯುತ್ತಿದ್ದುದಕ್ಕೆ ಇಳಿಯಲು ಬೇರೆ ಜಾಗವೇ ಇರಲಿಲ್ಲ. ಒಲೆಯೆದುರೇ ಕೂತು ತೊಡೆಯ ಮೇಲೆ ಹಾಳೆ ಇಟ್ಟುಕೊಂಡಳು.

"ನಿನ್ನ ಮ್ಯಾಗೇ ಬರೀಲತೀನಿ ಅವ್ವ. ಮುಚ್ಚಿಡಂಗಿಲ್ಲ, ಇಲ್ಲೇ ಬಿದ್ದಿರ್ತದ. ಓದಬ್ಯಾಡ."

ಬಸವೇಶ್ವರಿ ಹಿಟ್ಟಿನ ಕೈಯಲ್ಲೇ ಗೋಡೆಯತ್ತ ತಿರುಗಿ ಕೂತಳು. ಹಂಚಿನ ಮೇಲಿನ ರೊಟ್ಟಿ ಹೊತ್ತತೊಡಗಿತು. ಸ್ನೇಹಲ ಎದ್ದು ಅದನ್ನು ತಿರುವಿ ಹಾಕಿದಳು, ಮತ್ತೆ ಕೂತು ಬರೆದಳು.