ಪಂಚಮಿಯಲ್ಲ, ಚೌತಿ

"ಕಡೀ ಸಲ ಮುಟ್ಟಾಗಿದ್ದು ಯಾವಾಗಮ್ಮ?" ಎಂದು ಡಾಕ್ಟರು ಕೇಳಿದ್ದು ಆದಮ್ಮನನ್ನು. ಉತ್ತರ ಬಂದದ್ದು ಅತ್ತೆ ತಿಮ್ಮವ್ವನ ಬಾಯಿಂದ.

"ಪಂಚಮಿಗ್ರೀ. ನಾಗಪ್ಪಗ ಹಾಲು ಹಾಕಾಕ ಬರಲಿಲ್ಲ ಇಕಿ."

ಹಸಿ ಸುಳ್ಳು. ಪಂಚಮಿಗೆ ಆದಮ್ಮ ಜೋಕಾಲಿ ಆಡಿದ್ದಳು. ಅವಳು ಹೊರಗೆ ಕೂತದ್ದು ಅದಾಗಿ ತಿಂಗಳಿಗೆ, ಗಣೇಶ ಚೌತಿಗೆ. ಅವತ್ತು ದೂರ ನಿಂತು ಅವಳ ತಾಟಿಗೆ ಕಡುಬು ಎತ್ತಿಹಾಕಿದವಳು ಇದೇ ತಿಮ್ಮವ್ವ.

ಮಸ್ಕಿಯ ಅಯ್ನೋರು ಪಂಚಾಂಗ ನೋಡಿ ಹೆದರಿಸಿದ್ದರು. ದಿನ ತುಂಬುವ ಹೊತ್ತಿಗೆ, ಕಾರಹುಣ್ಣಿಮೆಯ ಆಸುಪಾಸು, ಮೂಲಾ ನಕ್ಷತ್ರ. ಆಗ ಹುಟ್ಟಿದ ಕೂಸು ತಂದೆಗೆ ಆಗಿಬರುವುದಿಲ್ಲ. ಆದಮ್ಮನ ಮೊದಲ ಹೆರಿಗೆ ಆಪರೇಷನ್ ಆಗಿತ್ತು, ಈ ಎರಡನೆಯದೂ ಆಪರೇಷನ್ನೇ ಆಗಬೇಕಿತ್ತು. ಹೇಗೂ ಕೊಯ್ಯುತ್ತಾರೆ, ಒಳ್ಳೆ ಗಳಿಗೆಯಲ್ಲಿ ಕೊಯ್ಯಲಿ ಎಂದು ತಿಮ್ಮವ್ವ ಬಸವ ಜಯಂತಿ ಮುಗಿದ ವಾರದ ಪುಷ್ಯ ನಕ್ಷತ್ರ ಹಿಡಿದು ಕೂತಿದ್ದಳು. ಅಷ್ಟು ಬೇಗ ಡಾಕ್ಟರು ಒಪ್ಪಬೇಕಾದರೆ ಬಸಿರಿಗೆ ಒಂದು ತಿಂಗಳು ಸೇರಿಸಿ ಹೇಳಲೇಬೇಕಿತ್ತು.

ತೊಂಬತ್ತೈದನೇ ಇಸವಿ. ಸಿಂಧನೂರಿನ ಆ ಸಣ್ಣ ದವಾಖಾನೆಯಲ್ಲಿ ಸ್ಕ್ಯಾನ್ ಇರಲಿಲ್ಲ.

"ಹೊಟ್ಟಿ ಸಣ್ಣದದ," ಎಂದರು ಡಾಕ್ಟರು. "ರಾಯಚೂರಾಗ ಸ್ಕ್ಯಾನ್ ಮಾಡಿಸ್ಕೊಂಡು ಬರ್ರಿ. ದಿನ ತುಂಬದ ಕೂಸಿಗೆ ಉಸಿರು ಎಳಕೊಳ್ಳೋ ಶಕ್ತಿ ಇರಂಗಿಲ್ಲ."

"ನಮ್ಮ ಮನ್ಯಾಗ ಎಲ್ಲಾರ ಹೊಟ್ಟಿನೂ ಹಿಂಗ ರೀ."

ಆದಮ್ಮ ಗಂಡನ ಕಡೆ ನೋಡಿದಳು. ಚೌತಿಯೆಂದು ವೆಂಕೋಬನಿಗೂ ಗೊತ್ತಿತ್ತು. ಆದರೆ ಮಾತು ಅವನ ಜೀವದ್ದು. ಅವನು ಫ್ಯಾನು ನೋಡುತ್ತ ನಿಂತ.

"ಪಂಚಮಿ ಹೌದೇನಮ್ಮ?"

"ಹೂಂ," ಎಂದಳು ಆದಮ್ಮ. ಡಾಕ್ಟರು ಗಡಿಬಿಡಿಯಲ್ಲಿದ್ದರು. ರಾಯಚೂರಿನ ಮಾತನ್ನು ಮತ್ತೆ ಎತ್ತದೆ ತಿಮ್ಮವ್ವ ಕೇಳಿದ ದಿನವನ್ನೇ ಆಪರೇಷನ್ನಿಗೆ ಬರೆದುಕೊಟ್ಟರು.

ಪುಷ್ಯದಲ್ಲೇ ಗಂಡು ಹುಟ್ಟಿತು. ತಿಮ್ಮವ್ವ ಗೋಡೆ ಗಡಿಯಾರ ತೋರಿಸಿ ಮಗನ ಕೈಲಿ ಹೊತ್ತು ಬರೆಸಿದಳು. ಕೂಸು ಅಳಲಿಲ್ಲ, ನರಳಿತು. ಒಂದೊಂದು ಉಸಿರಿಗೂ ಅದರ ಪಕ್ಕೆ ಒಳಗೆ ಹೋಗುತ್ತಿತ್ತು. ರಾಯಚೂರಿಗೆ ಹೊರಟ ಜೀಪು ಮಾನ್ವಿ ದಾಟುವಷ್ಟರಲ್ಲಿ ನರಳುವುದೂ ನಿಂತಿತು.

"ನಕ್ಷತ್ರ ಭಾಳ ಚಲೋ ಇತ್ತವ್ವ, ಋಣ ಇರಲಿಲ್ಲ," ಎಂದು ತಿಮ್ಮವ್ವ ಮಾತಾಡಿಸಲು ಬಂದವರಿಗೆಲ್ಲ ಹೇಳಿದಳು. ಆದಮ್ಮನಿಗೆ ಅತ್ತೆಯ ಮೇಲೆ ಸಿಟ್ಟಿತ್ತು, ಗಂಡನ ಮೇಲೂ. ತನ್ನ ಆ ಒಂದು ಹೂಂ ಮೇಲೆ ಮಾತ್ರ ಹೇಸಿಗೆ.

ಕಾರಹುಣ್ಣಿಮೆ ಬಂತು. ವೆಂಕೋಬ ಗಟ್ಟಿಮುಟ್ಟಾಗಿ ಅಂಗಳದಲ್ಲಿ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಿದ್ದ. "ಹೋಳಿಗಿ ಆದ್ವೇನ?" ಎಂದು ಅಲ್ಲಿಂದಲೇ ಕೂಗಿದ.

ಒಳಗೆ ಒಲೆಯ ಮುಂದೆ ಆದಮ್ಮ ಚೌತಿಯಿಂದ ತಿಂಗಳಿಗೊಂದರಂತೆ ಬೆರಳು ಮಡಚುತ್ತಿದ್ದಳು. ಒಂಬತ್ತನೆಯದನ್ನೂ ಮಡಚಿದಳು. ಹಂಚಿನ ಮೇಲೆ ಹೋಳಿಗೆ ಕಪ್ಪಾಗುತ್ತಿತ್ತು.