ಮುಡಿ ಕೊಡುವವರೆಗೆ

ಮೊಮ್ಮಗ ಮೋಹಿತನ ಮುಡಿ ನಮ್ಮ ಮನೆದೇವರಿಗೆ ಹರಕೆ. ಐದು ತುಂಬುವವರೆಗೆ ಕತ್ತರಿ ತಾಗಿಸುವಂತಿಲ್ಲ, ಕೂದಲು ಸೊಂಟಕ್ಕೆ ಬಂದಿದೆ. ದಿನಾ ಬೆಳಿಗ್ಗೆ ಅವನನ್ನು ಮೊಣಕಾಲುಗಳ ನಡುವೆ ಒತ್ತಿ ಕೂರಿಸಿ, ನೆತ್ತಿಯಿಂದಲೇ ಬಾಚಣಿಗೆ ಎಳೆಯುತ್ತಿದ್ದೆ. ಅತ್ತರೆ, "ಗಂಡುಮಗ ಹಿಂಗಾ ಅಳೋದು? ಉತ್ತರಹಳ್ಳಿಗೆಲ್ಲಾ ಕೇಳುಸ್ತದೆ" ಎಂದು ಗದರುತ್ತಿದ್ದೆ.

ಭಾನುವಾರ ಬಟ್ಟೆ ಹರವಲು ತಾರಸಿಗೆ ಹೋದೆ. ಮೇಲಿನ ಮನೆಯಲ್ಲಿ ಬಾಡಿಗೆಗಿರುವ ಹಂಸಾ ಅವನ ತಲೆ ಬಾಚುತ್ತಿದ್ದಳು. ಇಬ್ಬರ ಬೆನ್ನೂ ನನ್ನ ಕಡೆಗಿತ್ತು. ಮೋಹಿತ ಬಿಸ್ಕತ್ತು ತಿನ್ನುತ್ತಾ ಹೇಳುತ್ತಿದ್ದ: "ಅಜ್ಜಿಗೆ ಹೇಳ್ಬೇಡಿ ಆಂಟಿ. ಅವ್ರಿಗೆ ಬಾಚಕ್ಕೆ ಬರಲ್ಲ, ಪಾಪ. ಗೊತ್ತಾದ್ರೆ ಬೇಜಾರ್ ಮಾಡ್ಕೋತಾರೆ."

ಮೂರು ಹೆಣ್ಣುಮಕ್ಕಳಿಗೆ ಜಡೆ ಹಾಕಿದ ಕೈ ನನ್ನದು. ಅವರೂ ಅಳುತ್ತಿದ್ದರು. ತಲೆ ಬಾಚಿದರೆ ಮಕ್ಕಳು ಅಳುವುದೇ ಸೈ ಎಂದುಕೊಂಡಿದ್ದೆ.

ನನ್ನನ್ನು ಕಂಡೊಡನೆ ಮೋಹಿತ ಎರಡೂ ಕೈಯಿಂದ ತಲೆ ಮುಚ್ಚಿಕೊಂಡ. ಬಕೆಟ್ಟು ಇಳಿಸಿ ಪಕ್ಕದಲ್ಲಿ ಕುಳಿತೆ. ಅವನ ಮುಖ ನೋಡಲಾಗಲಿಲ್ಲ.

"ಎಲ್ಲಿಂದ ಶುರು ಮಾಡ್ತೀಯಮ್ಮಾ?" ಎಂದು ಹಂಸಾಳನ್ನು ಕೇಳಿದೆ.

"ತುದಿಯಿಂದ ಆಂಟಿ. ಸಿಕ್ಕಿನ ಮೇಲ್ಗಡೆ ಮುಷ್ಟೀಲಿ ಹಿಡ್ಕೊಂಡ್ರೆ ಬುಡಕ್ಕೆ ನೋವಾಗಲ್ಲ. ನೋಡಿ, ನೀವೇ ಬಾಚಿ."

ಅವಳು ಚಾಚಿದ ಬಾಚಣಿಗೆಯನ್ನು ನಾನು ತೆಗೆದುಕೊಳ್ಳಲಿಲ್ಲ.

"ಮೊದ್ಲು ಅವನ್ನ ಕೇಳು" ಎಂದೆ.

ಮೋಹಿತ ಯೋಚಿಸಿ, ಒಂದು ಕೈ ಮಾತ್ರ ತೆಗೆದ.